ಕೇಸ್ ಹಿಸ್ಟರಿ ಎಂಬ ಕತೆ

ಸುಮಾರು 15 ವರ್ಷಗಳ ಹಿಂದೆ ನಾನೊಂದು ಚೀಟಿ ಬರೆದುಕೊಟ್ಟಿದ್ದೆ. ನಾಲ್ಕೇ ಸಾಲು. ಈತ ನಮ್ಮ ಕಾಲೇಜಿನ ಎರಡನೇ ಬಿ.ಎ. ವಿದ್ಯಾರ್ಥಿ, ಓದಿನಲ್ಲಿ ಚುರುಕು, ಈಚೆಗೆ ನಿದ್ದೆ ಬರುತ್ತಿಲ್ಲವಂತೆ, ದಯವಿಟ್ಟು ನೋಡಿ ಎಂದು ಜಿಲ್ಲಾಕೇಂದ್ರದ ಒಬ್ಬ ಮನೋವೈದ್ಯರಿಗೆ ಬರೆದದ್ದು. ಅವನು ನನ್ನ ಹತ್ತಿರ ಹೇಳಿಕೊಂಡದ್ದು ಮಾತ್ರ ನಿದ್ದೆಯ ವಿಷಯ ಅಲ್ಲ. ಸಂಜೆ ವಿಭಾಗದಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬಂದು, ಕಿಟಕಿಯ ಕಡೆ ತಿರುಗಿ, "ನಂಗೆ ಹುಡ್ಗೀರ ಮೇಲೆ ಮನಸ್ಸು ಹೋಗಲ್ಲ ಮೇಡಂ" ಅಂದಿದ್ದ. ಅಷ್ಟು ಹೇಳಲು ಅವನಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಚೀಟಿಯಲ್ಲಿ ಅದನ್ನು ನಾನು ಬರೆಯಲಿಲ್ಲ. ಹಾಗೆ ಬರೆಯದಿರುವುದೇ ಮರ್ಯಾದೆ ಅಂದುಕೊಂಡಿದ್ದೆ.

ವೈದ್ಯರು ಕೇಳಿದರಂತೆ, ಇವನು ಹೇಳಿದನಂತೆ. ಮುಂದಿನ ಸಲ ತಂದೆಯನ್ನು ಕರೆದುಕೊಂಡು ಬಾ ಎಂದರಂತೆ. ಮಾತ್ರೆ ಬರೆದರು. ತಂದೆಗೆ ಧೈರ್ಯ ಹೇಳಿದರು: ಇದು ವಯಸ್ಸಿನ ಚಟ, ಡಿಗ್ರಿ ಮುಗಿದ ಕೂಡಲೇ ಮದುವೆ ಮಾಡಿಬಿಡಿ, ತಾನಾಗಿ ಸರಿಹೋಗುತ್ತೆ. 23ಕ್ಕೆ ಮದುವೆಯಾಯಿತು. ನಾಲ್ಕು ವರ್ಷಕ್ಕೆ ಇಬ್ಬರೂ ಬೇರೆಯಾದರು. ಇದೆಲ್ಲ ನನಗೆ ಗೊತ್ತಾದದ್ದು ಹೋದ ವರ್ಷ, ಅವನೇ ಫೋನ್ ಮಾಡಿದಾಗ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ನಾನು ನಿಮ್ಮತ್ರ ಹೇಳಿದ್ದೆ ಮೇಡಂ. ನೀವು ತಜ್ಞರ ಹತ್ರ ಕಳಿಸಿದ್ರಿ" ಅಂದ, ಅಷ್ಟೆ.

ಆ ಮಾತು ನನ್ನನ್ನು ಒಂದು ವರ್ಷ ಓದಿಗೆ ಹಚ್ಚಿತು. ಲಿಂಗತ್ವ, ಲೈಂಗಿಕತೆಯ ವಿಷಯದಲ್ಲಿ ಮನಸ್ಸಿನ ಆರೋಗ್ಯದ ತಜ್ಞರು ಏನು ಬರೆದಿದ್ದಾರೆ, ಹೇಗೆ ಬರೆದಿದ್ದಾರೆ ಎಂದು ಓದುತ್ತ ಹೋದೆ. ನಾನು ಮನಶ್ಶಾಸ್ತ್ರದವಳಲ್ಲ, ಕನ್ನಡ ಪಾಠ ಮಾಡುವವಳು. ಒಂದು ಬರಹ ಯಾರ ಬಾಯಲ್ಲಿ ಮಾತಾಡುತ್ತದೆ, ಯಾರನ್ನು ಸುಮ್ಮನಿರಿಸುತ್ತದೆ ಎಂದು ನೋಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬಾರದು. ಹಾಗಾಗಿ ಇದು ಸಾಹಿತ್ಯದ ಓದು ಅಂತಲೇ ತಿಳಿಯಬೇಕು.

ಕನ್ನಡದಲ್ಲಿ ವೈದ್ಯ ಲೇಖಕರ ಪರಂಪರೆ ದೊಡ್ಡದು. 'ರಾಶಿ' ಎಂದು ನಗಿಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆ ಕಾದಂಬರಿಗಳಿಗೆ ಮೀಸಲೆಂದು ನಾವು ಭಾವಿಸುವ ಪ್ರಶಸ್ತಿ ಮನೋವೈದ್ಯಕೀಯದ ಪುಸ್ತಕಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ' ಅಮ್ಮಂದಿರ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿರುತ್ತಿತ್ತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳಿಂದಾಗಿ ಖಿನ್ನತೆ ಎನ್ನುವುದು ದೆವ್ವವಲ್ಲ, ಸೋಮಾರಿತನವೂ ಅಲ್ಲ ಎಂದು ಎಷ್ಟೋ ಮನೆಗಳಿಗೆ ತಿಳಿಯಿತು. ಮನಸ್ಸಿನ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಲು ಬೇಕಾದ ಕನ್ನಡವನ್ನು ಕಟ್ಟಿದವರು ಇಂಥವರು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕಾರ ಇತ್ತು. ವಾರಪತ್ರಿಕೆಗಳ ಪ್ರಶ್ನೋತ್ತರದ ಅಂಕಣ. ವಿಮರ್ಶೆ ಇದನ್ನು ಮುಟ್ಟಿದ್ದು ಕಡಿಮೆ, ಆದರೆ ನಮ್ಮ ತಲೆಮಾರು ಕದ್ದು ಓದಿದ ಗದ್ಯದಲ್ಲಿ ಇದರ ಪಾಲು ದೊಡ್ಡದು. ಹೆಸರಿನ ಜಾಗದಲ್ಲಿ ನೊಂದವನು, ಊರಿನ ಜಾಗದಲ್ಲಿ ಯಾವುದೋ ಜಿಲ್ಲೆ. ಪತ್ರ ಶುರುವಾಗುವುದೇ ಪ್ರಮಾಣಪತ್ರದಿಂದ: ನಾನು ಒಳ್ಳೆಯ ಮನೆತನದವನು, ಕುಡಿತ ಸಿಗರೇಟು ಇಲ್ಲ, ಓದಿದ್ದೇನೆ. ಆಮೇಲೆ ಒಂದು ತಡವರಿಕೆ. ಕೊನೆಗೆ ಇದಕ್ಕೆ ಪರಿಹಾರವಿದೆಯೇ ಎಂಬ ಪ್ರಶ್ನೆ. ಪ್ರಶ್ನೆ ಆರು ಸಾಲು, ಉತ್ತರ ಇಪ್ಪತ್ತು. ಈಗ ಯೋಚಿಸಿದರೆ, ಕೆಲಸ ಮಾಡುತ್ತಿದ್ದದ್ದು ಉತ್ತರದೊಳಗಿನ ಮಾಹಿತಿಗಿಂತ ಆ ಅಂಕಣದ ಆಕಾರ. ನೋವಿರುವವನಿಗೆ ಹೆಸರಿಲ್ಲ, ಉತ್ತರ ಕೊಡುವವರಿಗೆ ಹೆಸರು, ಪದವಿ, ಫೋಟೋ. ಮುಂದಿನ ವಾರ ಆ ನೊಂದವನು ಏನಾದ ಎಂದು ತಿಳಿಯುವಂತಿಲ್ಲ. ಕತೆ ಉತ್ತರದಲ್ಲಿ ಮುಗಿಯುತ್ತದೆ, ಬದುಕಿನಲ್ಲಲ್ಲ. ನಾನು ಚೀಟಿ ಬರೆದಾಗ ಆ ಅಂಕಣದ ಆಕಾರವೇ ನನ್ನ ತಲೆಯಲ್ಲಿತ್ತು ಅನ್ನಿಸುತ್ತದೆ.

ಈ ಆಕಾರದ ಮೂಲ ಹಳೆಯದು. ಜರ್ಮನ್ ಭಾಷೆಯಲ್ಲಿ 1886ರಲ್ಲಿ ಬಂದ ಕ್ರಾಫ್ಟ್ ಎಬಿಂಗ್‌ನ 'ಸೈಕೋಪಥಿಯಾ ಸೆಕ್ಷುಆಲಿಸ್' ಕೇಸ್ ಹಿಸ್ಟರಿಗಳ ದೊಡ್ಡ ಸಂಗ್ರಹ. ಕೇಸ್ ಹಿಸ್ಟರಿಗೂ ಒಂದು ಕಥನಕ್ರಮ ಇದೆ: ಬಾಲ್ಯ, ಬಾಲ್ಯದಲ್ಲೊಂದು ವಿಚಿತ್ರ ಲಕ್ಷಣ, ವಂಶದಲ್ಲೊಬ್ಬ ತಿಕ್ಕಲು ಚಿಕ್ಕಪ್ಪ, ಆಮೇಲೆ ಪತನ, ಆಮೇಲೆ ವೈದ್ಯರ ಪ್ರವೇಶ. ಕಾರಣ ಹುಡುಕಲು ಕುಳಿತವನಿಗೆ ಬಾಲ್ಯ ಎಂದೂ ನಿರಾಸೆ ಮಾಡುವುದಿಲ್ಲ. ಆದರೆ ಆ ಪುಸ್ತಕ ಇಳಿದ ದಾರಿ ಲೇಖಕ ಎಣಿಸಿದ್ದಲ್ಲ. ವೈದ್ಯರಿಗೂ ನ್ಯಾಯಾಧೀಶರಿಗೂ ಎಂದು ಬರೆದದ್ದನ್ನು ಸಾಮಾನ್ಯರು ಓದಿದರು. ನಮ್ಮಂಥವರು ಬೇರೆಯವರೂ ಇದ್ದಾರೆ ಎಂದು ಕಂಡುಕೊಂಡರು. ತಮ್ಮ ಬದುಕನ್ನು ಬರೆದು ಅವನಿಗೇ ಕಳಿಸಿದರು. ಮುಂದಿನ ಆವೃತ್ತಿಗಳು ಆ ಪತ್ರಗಳಿಂದ ಊದಿಕೊಂಡವು. ರೋಗಿಗಳ ಪಟ್ಟಿ ಎಂದು ಹೊರಟ ಪುಸ್ತಕದೊಳಗೆ ಓದುಗರೇ ನುಗ್ಗಿ ಬರಹಗಾರರಾದರು. ಇದನ್ನು ಓದಿದಾಗ ನನಗೆ ನಮ್ಮ ಅಂಕಣದ ನೊಂದವರು ನೆನಪಾದರು. ಅವರೂ ಬಹುಶಃ ಉತ್ತರಕ್ಕಾಗಿ ಬರೆದವರಲ್ಲ. ಒಮ್ಮೆ ಅಚ್ಚಿನಲ್ಲಿ ತಮ್ಮನ್ನು ನೋಡಿಕೊಳ್ಳಬೇಕಿತ್ತು.

ಈ ಓದಿನಲ್ಲಿ ನನ್ನನ್ನು ಹೆಚ್ಚು ಕಾಡಿದವರು ಎವೆಲಿನ್ ಹುಕರ್. ಅಮೆರಿಕದ ಮನಶ್ಶಾಸ್ತ್ರಜ್ಞೆ, ಕ್ಯಾಲಿಫೋರ್ನಿಯಾದಲ್ಲಿ ಪಾಠ ಮಾಡುತ್ತಿದ್ದವರು. ಅವರ ವಿದ್ಯಾರ್ಥಿಯಾಗಿದ್ದ ಸ್ಯಾಮ್ ಫ್ರಾಮ್ ಎಂಬ ಸಲಿಂಗಿ ಯುವಕ ತನ್ನ ಗೆಳೆಯರ ಬಳಗಕ್ಕೆ ಅವರನ್ನು ಕರೆದೊಯ್ದು, ನಮ್ಮಂಥವರನ್ನು ಅಧ್ಯಯನ ಮಾಡುವುದು ನಿಮ್ಮ ಕರ್ತವ್ಯ ಎಂದು ಬೆನ್ನುಹತ್ತಿದ. ಅಲ್ಲಿಯವರೆಗಿನ ಸಂಶೋಧನೆಗೆ ಸಿಕ್ಕವರೆಲ್ಲ ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಇದ್ದವರು. ಹುಕರ್ ಮಾಡಿದ್ದು ಇಷ್ಟು: ಚಿಕಿತ್ಸೆಗೆ ಹೋಗದ 30 ಮಂದಿ ಸಲಿಂಗಿ ಪುರುಷರು, 30 ಮಂದಿ ಅಲ್ಲದವರು, ಎಲ್ಲರಿಗೂ ರೋರ್ಶಾಕ್ ಮಸಿಚಿತ್ರದಂಥ ಪರೀಕ್ಷೆಗಳು. ಉತ್ತರಗಳ ಮೇಲಿದ್ದ ಗುರುತು ಅಳಿಸಿ ಆ ಪರೀಕ್ಷೆಗಳಲ್ಲಿ ಪಳಗಿದ ಮೂವರು ತಜ್ಞರ ಮುಂದಿಟ್ಟರು. ಯಾರು ಯಾರೆಂದು ಹೇಳಲು ತಜ್ಞರಿಗೆ ಆಗಲಿಲ್ಲ. 1957ರಲ್ಲಿ ಇದು ಪ್ರಕಟವಾಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪರಿಚಿತ ವಾಸನೆ ಬಡಿಯಬೇಕು. ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಯ ಹೆಸರು ಅಳಿಸಿ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರು ಎಡವಿದ್ದನ್ನೆಲ್ಲ 1929ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಪ್ರಾಯೋಗಿಕ ವಿಮರ್ಶೆ ಎಂದು ನಾವು ಇಂದಿಗೂ ತರಗತಿಯಲ್ಲಿ ಮಾಡುವುದು ಅದನ್ನೇ. ಹೆಸರು ತೆಗೆದ ಕೂಡಲೇ ನಮ್ಮ ಅಭಿರುಚಿಯಲ್ಲಿ ಎಷ್ಟು ಪಾಲು ಬರೀ ಹೆಸರಿನದು ಎಂದು ತಿಳಿಯುತ್ತದೆ. ಹುಕರ್ ತಜ್ಞರಿಗೆ ಕೊಟ್ಟದ್ದೂ ಪ್ರಾಯೋಗಿಕ ವಿಮರ್ಶೆಯ ಪ್ರಶ್ನೆಪತ್ರಿಕೆಯೇ. ಹೆಸರಿನ ಚೀಟಿ ಕಿತ್ತಾಗ ರೋಗವೇ ಕಾಣಲಿಲ್ಲ. ಆದರೆ ನನ್ನ ಮನಸ್ಸು ನಿಂತದ್ದು ಫಲಿತಾಂಶದ ಹತ್ತಿರ ಅಲ್ಲ, ಅದಕ್ಕಿಂತ ಮುಂಚಿನ ಸಂಗತಿಯ ಹತ್ತಿರ. ಒಬ್ಬ ಮೇಷ್ಟ್ರ ಹತ್ತಿರ ಒಬ್ಬ ವಿದ್ಯಾರ್ಥಿ ಬಂದ. ಆಕೆ ಅವನನ್ನು ಬೇರೆಲ್ಲಿಗೂ ಕಳಿಸಲಿಲ್ಲ. ಅವನ ಜೊತೆ ಹೋದರು.

1972ರ ಮೇ ತಿಂಗಳಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಮಾವೇಶ. ವೇದಿಕೆ ಮೇಲೆ ವಿಕಾರವಾದ ರಬ್ಬರ್ ಮುಖವಾಡ, ವಿಗ್, ಅಳತೆ ಮೀರಿದ ದೊಗಳೆ ಕೋಟು ತೊಟ್ಟ ಒಬ್ಬ ವ್ಯಕ್ತಿ, ದನಿ ಗುರುತು ಸಿಗದಂತೆ ಮಾಡುವ ಮೈಕಿನಲ್ಲಿ, ತಾನೂ ಸಲಿಂಗಿ, ತಾನೂ ಮನೋವೈದ್ಯ ಎಂದು ಹೇಳಿದ. ಕಾರ್ಯಕ್ರಮದಲ್ಲಿ ಅವನ ಹೆಸರು ಡಾ. ಎಚ್. ಅನಾನಿಮಸ್. ಅವನ ಪಕ್ಕದಲ್ಲಿ ಹೋರಾಟಗಾರರಾದ ಬಾರ್ಬರಾ ಗಿಟಿಂಗ್ಸ್ ಮತ್ತು ಫ್ರಾಂಕ್ ಕ್ಯಾಮೆನಿ ಬರಿಮುಖದಲ್ಲಿ ಕುಳಿತಿದ್ದರು. ಆ ಸಭೆಯಲ್ಲಿ ಮುಖ ಮುಚ್ಚಿಕೊಳ್ಳಬೇಕಾದದ್ದು ವೈದ್ಯ, ಕೇಸುಗಳಲ್ಲ! ಮರುವರ್ಷ, 1973ರ ಡಿಸೆಂಬರಿನಲ್ಲಿ, ಸಂಘ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಒಪ್ಪದವರು ಹಟ ಹಿಡಿದದ್ದರಿಂದ 1974ರಲ್ಲಿ ಸದಸ್ಯರ ಮತಕ್ಕೆ ಹಾಕಿದರು. 58 ಶೇಕಡ ಮತಗಳಿಂದ ನಿರ್ಣಯ ಉಳಿಯಿತು. ಮುಖವಾಡದ ಒಳಗಿದ್ದವರು ಜಾನ್ ಫ್ರೈಯರ್. ಅದನ್ನು ಅವರು ಬಹಿರಂಗವಾಗಿ ಹೇಳಿದ್ದು 1994ರಲ್ಲಿ. ವೇಷ ಕಟ್ಟಿದರೆ ಮಾತ್ರ ನಿಜ ಹೇಳಬಹುದು ಎನ್ನುವುದು ನಮ್ಮ ಕಡೆಯ ಆಟ, ಮೇಳಗಳನ್ನು ನೋಡಿದವರಿಗೆ ಹೊಸದಲ್ಲ. ಆದರೆ ರೋಗವೋ ಅಲ್ಲವೋ ಎಂದು ಮತ ಎಣಿಸಿ ತೀರ್ಮಾನಿಸಿದ ವಿಜ್ಞಾನದ ಬಗ್ಗೆ ನನಗೆ ಸ್ವಲ್ಪ ನಗು, ಸ್ವಲ್ಪ ಭಯ. ಉಳಿದ 42 ಶೇಕಡ ವೈದ್ಯರು ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಕುಳಿತರಲ್ಲ?

ಭಾರತದಲ್ಲಿ ಆ 42 ಶೇಕಡದವರ ಮಾತನ್ನು ಕೇಳಿ ಬರೆದಿಟ್ಟವರು ಅರವಿಂದ್ ನಾರಾಯಣ್ ಮತ್ತು ವಿನಯ್ ಚಂದ್ರನ್. ಒಬ್ಬರು ವಕೀಲರು. ಇನ್ನೊಬ್ಬರು ಬೆಂಗಳೂರಿನ 'ಸ್ವಭಾವ' ಸಂಸ್ಥೆಯವರು. 1999ರಲ್ಲಿ ಆರಂಭವಾದ ಈ ಸಂಸ್ಥೆಯ 'ಸಹಾಯ' ಎಂಬ ಫೋನ್ ಸೇವೆಯಲ್ಲಿ ಕುಳಿತು ವರ್ಷಗಟ್ಟಲೆ ಕರೆಗಳನ್ನು ಕೇಳಿದವರು. 2005ರ ಒಂದು ಸಂಕಲನದಲ್ಲಿ ಇವರ ಪ್ರಬಂಧ ಇದೆ. ಗೇ ಆಗಿರುವುದು ಸರಿ ಎಂದು ನಿಮಗೆ ಹೇಳುವುದು ನನ್ನ ಕೆಲಸವಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೇ ಅದರ ಶೀರ್ಷಿಕೆ. ತಜ್ಞರ ದನಿಯನ್ನೇ ಎತ್ತಿ ನೆತ್ತಿಯ ಮೇಲಿಟ್ಟ ಶೀರ್ಷಿಕೆ. ಇಲ್ಲಿ ವೈದ್ಯರು ಮಾತಾಡುತ್ತಾರೆ, ಬರೆದುಕೊಳ್ಳುವವರು ಇವರು. ಕುರ್ಚಿಗಳು ಅದಲುಬದಲಾದವು, ವೈದ್ಯರೇ ಕೇಸ್ ಆದರು. ನನ್ನ ಪ್ರಕಾರ ಇದು ನಮ್ಮ ವಿಮರ್ಶೆಯ ದೊಡ್ಡ ಪಟ್ಟುಗಳಲ್ಲಿ ಒಂದು. ಇವರಿಬ್ಬರೇ 2016ರಲ್ಲಿ ಸಂಪಾದಿಸಿದ 'ನಥಿಂಗ್ ಟು ಫಿಕ್ಸ್' ಇದನ್ನು ಮುಂದಕ್ಕೆ ಒಯ್ಯುತ್ತದೆ. ಸರಿಪಡಿಸಲು ಏನೂ ಇಲ್ಲ ಎಂದು ಹೆಸರು. ಕೆಟ್ಟ ವೈದ್ಯರನ್ನು ಹಿಡಿದುಕೊಡುವುದು ಇವರ ಉದ್ದೇಶವಲ್ಲ. ದಯೆಯಿರುವ, ಓದಿಕೊಂಡಿರುವ, ರೋಗಿಯ ಒಳಿತನ್ನೇ ಬಯಸುವ ವೈದ್ಯರ ಬಾಯಲ್ಲಿ, ಮನೆಯವರಿಗೆ ನೋವಾಗುತ್ತದಲ್ಲ, ರೋಗಿಯೇ ಬದಲಾಗಬೇಕು ಎನ್ನುತ್ತಾನಲ್ಲ ಎಂಬ ಮಾತುಗಳು ಹೇಗೆ ಸಹಜವಾಗಿ ಹೊರಡುತ್ತವೆ ಎಂಬುದನ್ನು ಇಂಥ ಬರಹಗಳು ಕಾಣಿಸುತ್ತವೆ. ನನ್ನ ಚೀಟಿಯ ಭಾಷೆಯೂ ಅದೇ ದಯೆಯದು. ಅದಕ್ಕೇ ಈ ಪುಸ್ತಕ ಓದುವುದು ನನಗೆ ಸುಲಭವಾಗಲಿಲ್ಲ.

ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಕೇತಕಿ ರಾನಡೆ ಅವರ 'ಗ್ರೋಯಿಂಗ್ ಅಪ್ ಗೇ ಇನ್ ಅರ್ಬನ್ ಇಂಡಿಯಾ' (2018) ಇನ್ನೊಂದು ಬಗೆಯ ಪುಸ್ತಕ. ಕೇಸ್ ಹಿಸ್ಟರಿ ಬಾಲ್ಯಕ್ಕೆ ಹೋಗುವುದು ಕಾರಣ ಹುಡುಕಲು. ರಾನಡೆ ಬಾಲ್ಯಕ್ಕೆ ಹೋಗುವುದು, ಎಲ್ಲರೂ ಮದುವೆಯ ಕಡೆಗೇ ಬೆಳೆಯುತ್ತಾರೆ ಎಂದು ನಂಬಿರುವ ಮನೆಯಲ್ಲಿ, ಶಾಲೆಯಲ್ಲಿ, ಹಾಗೆ ಬೆಳೆಯದ ಮಗು ಏನೇನು ಮಾಡಿ ಬದುಕಿಕೊಳ್ಳುತ್ತದೆ ಎಂದು ನೋಡಲು. ಬಿ.ಎಡ್. ಓದಿದ ಎಲ್ಲರೂ ಬಾಯಿಪಾಠ ಮಾಡಿರುವ ಬೆಳವಣಿಗೆಯ ಹಂತಗಳಲ್ಲಿ ಈ ಮಗುವಿಗೆ ಜಾಗವೇ ಇಲ್ಲ ಎಂಬುದು ಇಲ್ಲಿನ ಮುಖ್ಯ ತಕರಾರು. ಇಷ್ಟು ಒಳ್ಳೆಯ ತಕರಾರನ್ನು ಹೊತ್ತ ಗದ್ಯ ಮಾತ್ರ ಭಾರ. ಜನರು ತಮ್ಮ ಬದುಕನ್ನು ಹೇಳತೊಡಗಿದಾಗ ಪುಟ ಹಗುರಾಗುತ್ತದೆ, ಪರಿಭಾಷೆ ಬಂದಾಗ ಮತ್ತೆ ಕಲ್ಲು. ಸಂಶೋಧನೆಗೆ ಅದು ಅನಿವಾರ್ಯ ಎನ್ನುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೋವಿನಲ್ಲಿರುವವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಬಿಟ್ಟು, ಅದರ ಅರ್ಥವನ್ನು ಹೊರಗೆ ಬೇರೆ ಭಾಷೆಯಲ್ಲಿ ಹೇಳುವ ಅಭ್ಯಾಸ ಆ ಹಳೆಯ ಅಂಕಣದ ಆರು ಸಾಲು, ಇಪ್ಪತ್ತು ಸಾಲುಗಳ ಲೆಕ್ಕದಿಂದ ಪೂರ್ತಿ ಬಿಡಿಸಿಕೊಂಡಿಲ್ಲ.

ಆದರೂ ಒಂದು ದೊಡ್ಡ ಬದಲಾವಣೆ ಇದೆ. ಈಗ ಬರೆಯುವ, ಕಲಿಸುವ ತಜ್ಞರಲ್ಲಿ ಅನೇಕರು ಆ ಸಮುದಾಯದವರೇ. ಮುಂಬೈನ ಮಾರಿವಾಲಾ ಹೆಲ್ತ್ ಇನಿಷಿಯೇಟಿವ್ 2019ರಿಂದ ಕೌನ್ಸೆಲರ್‌ಗಳಿಗೆ ನಡೆಸುತ್ತಿರುವ ಕ್ವಿಯರ್ ಅಫರ್ಮೇಟಿವ್ ತರಬೇತಿಯನ್ನು ಕಟ್ಟಿದವರು ಅಂಥ ವೃತ್ತಿಪರರು. ಫ್ರೈಯರ್‌ಗೆ ಬೇಕಾಗಿದ್ದ ಮುಖವಾಡ ಇವರಿಗೆ ಬೇಡ. ನೀವು ಹೇಗಿದ್ದರೂ ನನಗೇನೂ ತೊಂದರೆಯಿಲ್ಲ ಎನ್ನುವ ಕೌನ್ಸೆಲರ್ ಸಾಲದು, ನಿಮ್ಮನ್ನು ನೋಯಿಸಿದ ಲೋಕದ ನಿಯಮಗಳನ್ನು ತಾನೂ ಹೊತ್ತಿದ್ದೇನೆ ಎಂದು ಅರಿತವರು ಬೇಕು ಎಂಬುದು ಇವರ ವಾದದ ಸಾರ. ಇದರ ಹಿಂದೆ ಇಲಾನ್ ಮೇಯರ್ 1995ರಲ್ಲೂ 2003ರಲ್ಲೂ ಮಂಡಿಸಿದ ಮೈನಾರಿಟಿ ಸ್ಟ್ರೆಸ್ ಎಂಬ ವಿಚಾರ ಇದೆ. ಈ ಜನರಲ್ಲಿ ಖಿನ್ನತೆ, ಆತಂಕ ಹೆಚ್ಚು ಕಂಡರೆ ಅದು ಅವರ ಸ್ವಭಾವದಿಂದ ಬಂದದ್ದಲ್ಲ, ದಿನದಿನವೂ ಮರೆಸಿಕೊಂಡು, ಅಳುಕುತ್ತ, ತಿರಸ್ಕಾರ ನಿರೀಕ್ಷಿಸುತ್ತ ಬದುಕಬೇಕಾದದ್ದರಿಂದ ಬಂದದ್ದು ಎಂದು. ನನಗೆ ಇದು ಪೂರ್ತಿ ಒಪ್ಪಿಗೆ. ಒಂದು ಅಂಜಿಕೆ ಮಾತ್ರ ಇದೆ: ಕಾರಣವನ್ನು ಒಳಗಿಂದ ಹೊರಗೆ ಸರಿಸಿದರೂ ಕತೆ ನೋವಿನದೇ ಆಗಿ ಉಳಿದುಬಿಟ್ಟರೆ? ಹಳೆಯ ಕೇಸ್ ಹಿಸ್ಟರಿಯ ಜಾಗದಲ್ಲಿ ಹೊಸದೊಂದು ಕೇಸ್ ಹಿಸ್ಟರಿ ಕೂರುವುದು ಕಷ್ಟವಲ್ಲ.

ಈ ಅಂಜಿಕೆ ಹೊತ್ತುಕೊಂಡೇ ನಾನು 'ಬದುಕು ಬಯಲು' ಮತ್ತೊಮ್ಮೆ ಓದಿದೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು 'ಸಂಗಮ'ದಲ್ಲಿ ದುಡಿದ ಎ. ರೇವತಿಯವರ ಆತ್ಮಕಥನ. ತಮಿಳಿನಲ್ಲಿ ಬರೆದದ್ದು ವಿ. ಗೀತಾ ಅವರ ಇಂಗ್ಲಿಷಿನಲ್ಲಿ 2010ರಲ್ಲಿ ಮೊದಲು ಪುಸ್ತಕವಾಗಿ ಬಂತು. ಕನ್ನಡಕ್ಕೆ ತಂದವರು ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿದೆ. ಹೊರನೋಟಕ್ಕೆ ಇಲ್ಲೂ ಕೇಸ್ ಹಿಸ್ಟರಿಯ ಕ್ರಮವೇ ಇದೆ: ಹುಡುಗಿಯರ ಜೊತೆ ಆಡುವ ಬಾಲ್ಯ, ಮನೆಯ ಹೊಡೆತ, ಓಡಿಹೋಗುವುದು. ಆದರೆ ಕಾರಣದ ಹುಡುಕಾಟಕ್ಕೆ ರೇವತಿ ಕೈಹಾಕುವುದೇ ಇಲ್ಲ. ಯಾಕೆ ಹೀಗೆ ಎನ್ನುವ ಪ್ರಶ್ನೆ ಬೇರೆಯವರದು. ಅವರದು ಎಲ್ಲಿ ಇರಲಿ, ಯಾರ ಜೊತೆ ಇರಲಿ, ಹೊಟ್ಟೆಗೆ ಏನು ಎಂಬ ಪ್ರಶ್ನೆ. ಶಸ್ತ್ರಚಿಕಿತ್ಸೆಯ ಭಾಗವನ್ನು ಗಮನಿಸಿ. ವೈದ್ಯರ ಪಾತ್ರ ಅಲ್ಲಿ ಬೇಗ ಮುಗಿಯುತ್ತದೆ. ಆಮೇಲಿನ ಪಥ್ಯ, ಬಿಸಿನೀರು, ಬಾಣಂತಿಯಂತೆ ನಲವತ್ತು ದಿನ ಕಾಯುವುದು, ನಲವತ್ತನೆಯ ದಿನದ ಶಾಸ್ತ್ರ, ಇವೆಲ್ಲ ಹಿಜ್ರಾ ಮನೆಯ ಹಿರಿಯರ ತಿಳಿವಳಿಕೆ. ಪದವಿಪತ್ರ ಇಲ್ಲದ ಆರೈಕೆಯ ಶಾಸ್ತ್ರ ಅದು. ಅದನ್ನು ರೇವತಿ ವೈಭವೀಕರಿಸುವುದಿಲ್ಲ. ಅದೇ ಮನೆಯ ಮೇಲುಕೀಳು, ಬೈಗುಳ, ದುಡಿಮೆಯ ಲೆಕ್ಕಾಚಾರವನ್ನೂ ಅದೇ ದನಿಯಲ್ಲಿ ಹೇಳುತ್ತಾರೆ. ಸರಸ್ವತಿಯವರ ಕನ್ನಡವೂ ಅಳುವುದಿಲ್ಲ.

ವಸುಧೇಂದ್ರರ 'ಮೋಹನಸ್ವಾಮಿ' (2013) ಮಧ್ಯಮವರ್ಗದ ಕನ್ನಡಕ್ಕೆ ಮಾಡಿದ್ದನ್ನು ಅನೇಕರು ಬರೆದಿದ್ದಾರೆ. ಇಲ್ಲಿ ಬೇಕಾದ ಒಂದು ಸಂಗತಿ ಮಾತ್ರ ಹೇಳುತ್ತೇನೆ. 'ಕಗ್ಗಂಟು' ಕತೆಯಲ್ಲಿ ಜೊತೆಗೆ ಬಾಳುತ್ತಿದ್ದ ಕಾರ್ತಿಕ್ ಮದುವೆಗೆ ಹೊರಡುತ್ತಾನೆ. ಮೋಹನಸ್ವಾಮಿಯ ಒಳಗೆ ಕುಸಿದದ್ದಕ್ಕೆ ಹೆಸರಿಲ್ಲ, ಶೋಕಕ್ಕೆ ರಜೆಯಿಲ್ಲ, ಸಾಂತ್ವನ ಹೇಳಲು ಬರುವ ನೆಂಟರಿಲ್ಲ. ಗಂಡ ಸತ್ತರೆ, ಹೆಂಡತಿ ಬಿಟ್ಟರೆ ಊರು ಬಂದು ಕೂರುತ್ತದೆ. ಈ ಅಗಲಿಕೆಗೆ ಯಾರೂ ಬರುವುದಿಲ್ಲ. ಮೈನಾರಿಟಿ ಸ್ಟ್ರೆಸ್ ಎಂದರೆ ಏನೆಂದು ತರಗತಿಯಲ್ಲಿ ಕೇಳಿದರೆ ನಾನು ಈ ಕತೆಯನ್ನೇ ಓದಿಸುತ್ತೇನೆ. ಪುಸ್ತಕ ಬಂದ ಮೇಲೆ ವಸುಧೇಂದ್ರರಿಗೆ ನಾಡಿನ ಮೂಲೆಮೂಲೆಯಿಂದ ಫೋನುಗಳು, ಪತ್ರಗಳು. ಅದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಕ್ರಾಫ್ಟ್ ಎಬಿಂಗ್‌ಗೆ ಆದದ್ದೇ ಮತ್ತೆ ಆಯಿತು, ಆದರೆ ತಿರುಗುಮುರುಗಾಗಿ. ಅಲ್ಲಿ ಓದುಗರು ವೈದ್ಯನನ್ನು ಕತೆಗಾರನನ್ನಾಗಿ ಮಾಡಿದ್ದರು. ಇಲ್ಲಿ ಕತೆಗಾರನನ್ನು ಆಪ್ತಸಮಾಲೋಚಕನನ್ನಾಗಿ ಮಾಡಿದರು. ತಜ್ಞರು ಇಲ್ಲದ ಭಾಷೆಯಲ್ಲಿ ಈ ಕೆಲಸ ಕತೆಗಾರನ ತಲೆಗೆ ಬರುತ್ತದೆ. ಅದು ಸಾಹಿತ್ಯಕ್ಕೆ ಹೆಮ್ಮೆಯೇ ಇರಬಹುದು, ಆರೋಗ್ಯ ವ್ಯವಸ್ಥೆಗಂತೂ ಅಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇಂಥ ಚರ್ಚೆ ಬಂದಾಗ ನಮ್ಮ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು, ನಮ್ಮ ಪರಂಪರೆಯಲ್ಲಿ ಇವರಿಗೆಲ್ಲ ಜಾಗ ಇತ್ತು, ಜೋಗಪ್ಪಗಳಿದ್ದರಲ್ಲ, ಎಲ್ಲಮ್ಮ ಇದ್ದಾಳಲ್ಲ, ಈ ಕೌನ್ಸೆಲಿಂಗ್ ಎಲ್ಲ ಪಶ್ಚಿಮದ್ದು ಎನ್ನುತ್ತಾರೆ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾವೆಲ್ಲ ನೋಡಿ ಕಣ್ಣು ತುಂಬಿಕೊಂಡೆವು. ಆದರೆ ಅದೇ ಮಂಜಮ್ಮ ಹರೆಯದಲ್ಲಿ ವಿಷ ಕುಡಿದದ್ದನ್ನೂ ಹೇಳಿದ್ದಾರೆ. ಪರಂಪರೆ ಒಂದು ಬಾಗಿಲು ತೆರೆದಿಟ್ಟಿತ್ತು ನಿಜ, ಒಂದೇ ಬಾಗಿಲು. ಮನೆ ಬಿಟ್ಟು, ಮುತ್ತು ಕಟ್ಟಿಸಿಕೊಂಡು, ಅಡ್ಡಲಿಗೆ ಹಿಡಿದು ಬೇಡಲು ಒಪ್ಪಿದವರಿಗೆ ಮಾತ್ರ. ನನ್ನ ವಿದ್ಯಾರ್ಥಿಗೆ ಮನೆಯಲ್ಲೇ ಇರಬೇಕಿತ್ತು, ಕೆ.ಇ.ಎಸ್. ಬರೆಯಬೇಕಿತ್ತು.

2021ರಲ್ಲಿ ಮದ್ರಾಸ್ ಹೈಕೋರ್ಟ್‌ನಲ್ಲಿ ನಡೆದದ್ದನ್ನು ನಾನು ಒಂದು ಸಾಹಿತ್ಯಕ ಪಠ್ಯದಂತೆಯೇ ಓದಿದೆ. ಮಧುರೆಯಿಂದ ಓಡಿಬಂದ ಇಬ್ಬರು ಯುವತಿಯರು ಜೊತೆಗೆ ಬಾಳಲು ರಕ್ಷಣೆ ಕೇಳಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ತೀರ್ಪು ಬರೆಯುವ ಮೊದಲು, ಈ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲ ಎಂದು ಒಪ್ಪಿಕೊಂಡು, ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ತಾವೇ ಹೋಗಿ ಕುಳಿತರು. ಜೂನ್ 7ರ ಆದೇಶದಲ್ಲಿ ಆ ಕಲಿಕೆಯನ್ನೂ ದಾಖಲಿಸಿದರು. ಚಿಕಿತ್ಸೆಯ ಕುರ್ಚಿಯಲ್ಲಿ ಆ ಹೆಣ್ಣುಮಕ್ಕಳ ಬದಲು ನ್ಯಾಯಾಧೀಶರೇ ಕೂತರು! ಲೈಂಗಿಕ ಒಲವನ್ನು ಬದಲಿಸುವ ಚಿಕಿತ್ಸೆಗಳನ್ನು ನಿಷೇಧಿಸಬೇಕೆಂದು ಆ ಆದೇಶ ಹೇಳಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆ ವೃತ್ತಿಪರ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಪಠ್ಯಪುಸ್ತಕಗಳ ಕತೆ ಇಷ್ಟು ನೇರವಲ್ಲ. 2021ರಲ್ಲಿ ಅವಹೇಳನದ ಸಾಲುಗಳನ್ನು ಬಿಡಿ ಎಂದ ಆಯೋಗವೇ 2024ರ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧಗಳನ್ನು ಮತ್ತೆ ಲೈಂಗಿಕ ಅಪರಾಧಗಳ ಸಾಲಿಗೆ ಸೇರಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಳಗನ್ನಡದ ಪ್ರತಿಗಳಲ್ಲಿ ಪಾಠಾಂತರ ಹುಡುಕುವ ನಮಗೆ ಇದು ತಮಾಷೆಯಾಗಿ ಕಾಣಬಹುದು. ಆ ಸಾಲು ಇದ್ದ ಪ್ರತಿಯನ್ನು ಓದಿದ ವೈದ್ಯರೇ ನನ್ನ ಚೀಟಿಯನ್ನು ಒಡೆದದ್ದು.

ಅದೇ ಮೊಕದ್ದಮೆಯ ಮುಂದುವರಿಕೆಯಾಗಿ 2022ರಲ್ಲಿ ತಮಿಳುನಾಡು ಸರ್ಕಾರ ಸಮುದಾಯದವರೊಂದಿಗೆ ಕೂತು ಒಂದು ಪದಕೋಶವನ್ನೇ ಅಧಿಕೃತವಾಗಿ ಹೊರಡಿಸಿತು. ತಮಿಳಿನಲ್ಲಿ ಏನೆಂದು ಕರೆಯಬೇಕು, ಪತ್ರಿಕೆಗಳು ಯಾವ ಪದ ಬಳಸಬೇಕು ಎಂದು. ಹೊಟ್ಟೆಕಿಚ್ಚಾಯಿತು ನನಗೆ. ಕನ್ನಡದಲ್ಲಿ ನಾವಿನ್ನೂ ಸಲಿಂಗಕಾಮಿ ಎನ್ನುತ್ತೇವೆ. ಗಂಡು ಹೆಣ್ಣಿನ ಒಲವನ್ನು ದಾಂಪತ್ಯ, ಪ್ರೀತಿ, ಸಂಸಾರ ಎನ್ನುವ ಭಾಷೆ ಇವರಿಗೆ ಬಂದಾಗ ಕಾಮ ಒಂದನ್ನೇ ಉಳಿಸಿಕೊಳ್ಳುತ್ತದೆ. ಅಮ್ಮನ ಎದುರು ನಿಂತು ಯಾವ ಮಗ ಆ ಪದ ಹೇಳಿಯಾನು? ಸಲಿಂಗಿ, ಸಲಿಂಗಪ್ರೇಮಿ ಎಂದು ಕೆಲವರು ಬರೆಯುತ್ತಾರೆ. ಲೈಂಗಿಕ ಅಲ್ಪಸಂಖ್ಯಾತರು ಎನ್ನುವುದು ಕರಪತ್ರಕ್ಕೆ ಸರಿ, ಅಡುಗೆಮನೆಗಲ್ಲ. ವಸುಧೇಂದ್ರ 'ಗೇ' ಎನ್ನುವುದನ್ನೇ ಉಳಿಸಿಕೊಂಡರು, ಬಹುಶಃ ಅದಕ್ಕೆ ಕನ್ನಡದ ಮೈಲಿಗೆ ಅಂಟಿಲ್ಲದ್ದಕ್ಕೆ. ಕೌನ್ಸೆಲಿಂಗ್‌ಗೆ ಮಾತ್ರ ಯಾರೋ ಪುಣ್ಯಾತ್ಮರು ಆಪ್ತಸಮಾಲೋಚನೆ ಎಂಬ ಪದ ಕಟ್ಟಿದ್ದಾರೆ. ಆ 'ಆಪ್ತ'ವನ್ನು ಸೇರಿಸಿದವರಿಗೆ ಕಿವಿ ಇತ್ತು. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಆ ಫಲಕದ ಕೆಳಗೆ ಬಹುಕಾಲ ಕೂತದ್ದು ಎಚ್.ಐ.ವಿ. ಪರೀಕ್ಷೆಯ ಸಮಾಲೋಚಕರು. ಸರ್ಕಾರದ ದುಡ್ಡಿನಲ್ಲಿ ಈ ಸಮುದಾಯಕ್ಕೆ ಸಿಕ್ಕ ಮಾತುಕತೆ ಹೆಚ್ಚಾಗಿ ಕಾಂಡೋಮಿನ ಸುತ್ತಲೇ ನಡೆಯಿತು. ನಿದ್ದೆ ಬಾರದವನಿಗೆ ಅಲ್ಲಿ ಜಾಗ ಇರಲಿಲ್ಲ.

ಮತ್ತೆ ತಜ್ಞ ಎಂಬ ಪದಕ್ಕೆ ಬರುತ್ತೇನೆ. ಸಂಸ್ಕೃತದಲ್ಲಿ ಬಿಡಿಸಿದರೆ 'ಅದನ್ನು ಬಲ್ಲವನು' ಎಂದಷ್ಟೆ. 'ಅವನನ್ನು' ಎಂದಲ್ಲ, 'ಅದನ್ನು'. ಫೋನಿನಲ್ಲಿ ನಾನಿದನ್ನು ಅವನಿಗೆ ಹೇಳಿದಾಗ, "ನೀವಿನ್ನೂ ವ್ಯಾಕರಣ ಬಿಟ್ಟಿಲ್ಲ ಮೇಡಂ" ಎಂದು ನಕ್ಕ. ಅವನೀಗ ಬೆಂಗಳೂರಿನಲ್ಲಿದ್ದಾನೆ. ಗೆಳೆಯರ ಮೂಲಕ ಸಿಕ್ಕ ಕೌನ್ಸೆಲರ್ ಒಬ್ಬರ ಬಳಿ ಎರಡು ವರ್ಷ ಹೋಗಿದ್ದಾನೆ. ಆಕೆ ಒಳ್ಳೆಯವರಂತೆ, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. "ಅಪ್ಪನ ವಿಷಯ ಬಂದಾಗ ಮಾತ್ರ ಕನ್ನಡ ಬಂದ್ಬಿಡುತ್ತೆ ಮೇಡಂ, ಅವ್ರಿಗೆ ಅರ್ಥ ಆಗಲ್ಲ, ಆದ್ರೂ ಸುಮ್ನೆ ಕೇಳ್ತಾರೆ" ಎಂದ.

ನಾನು ಅವನ ಹೆಂಡತಿಯಾಗಿದ್ದ ಹುಡುಗಿಯ ಬಗ್ಗೆ ಕೇಳಿದೆ. ಎಷ್ಟೋ ಹೊತ್ತು ಸುಮ್ಮನಿದ್ದ. ಆಕೆ ತವರಿನಲ್ಲಿದ್ದಾಳೆ, ಹೊಲಿಗೆ ಕಲಿತು ಅಂಗಡಿ ಇಟ್ಟಿದ್ದಾಳೆ, ಆಗಾಗ ಮೆಸೇಜು ಮಾಡುತ್ತಾಳೆ ಎಂದ. ನಾಲ್ಕು ವರ್ಷ ತನ್ನಲ್ಲೇ ಏನೋ ಕೊರತೆ ಎಂದುಕೊಂಡು ಅವಳೂ ನಿದ್ದೆಗೆಟ್ಟಿದ್ದಳಂತೆ. ಆಕೆಯ ಕೇಸ್ ಹಿಸ್ಟರಿ ಯಾರ ಫೈಲಿನಲ್ಲೂ ಇಲ್ಲ.